ಆ ವರ್ಷದ ಶಾಯಿ

ಜಯನಗರ ನಾಲ್ಕನೇ ಬ್ಲಾಕಿನ ಆ ಅಂಗಡಿಯಲ್ಲಿ ಗಾಜಿನ ಕೌಂಟರಿನ ಮೇಲೆ ಯಾವಾಗಲೂ ಒಂದು ಪ್ಯಾಡ್ ಇರುತ್ತದೆ. ಪೆನ್ನು ಕೊಳ್ಳುವವರು ಬರೆದು ನೋಡಲಿ ಎಂದು ಇಟ್ಟದ್ದು. ಅದರಲ್ಲಿ ಜನ ಏನು ಬರೆದಿದ್ದಾರೆ ಎಂದು ನೋಡುವುದು ನನಗೂ ಅಕ್ಕನಿಗೂ ಒಂದು ಚಟವಾಗಿತ್ತು. ಹೆಚ್ಚಿನವರು ಸಹಿ ಹಾಕುತ್ತಾರೆ. ಕಾಲೇಜು ಹುಡುಗಿಯರು ಹೆಸರು ಬರೆದು ಕೆಳಗೆ ಗೆರೆ ಎಳೆಯುತ್ತಾರೆ. ಇನ್ನು ಕೆಲವರು ಏನೂ ತೋಚದೆ ಸುರುಳಿ ಸುತ್ತುತ್ತಾರೆ. ನಾವಿಬ್ಬರೂ ಬರೆಯುತ್ತಿದ್ದದ್ದು ‘ಶ್ರೀ’. ಹೊಸ ಪೆನ್ನಿನಲ್ಲಿ ಮೊದಲ ಅಕ್ಷರ ಅದೇ ಆಗಿರಬೇಕು ಎಂದು ಚಿಕ್ಕಂದಿನಲ್ಲಿ ಕಲಿತದ್ದು, ಕೈ ಬಿಟ್ಟಿರಲಿಲ್ಲ. ಕೊಳ್ಳದ ಪೆನ್ನಿಗೂ ಅದೇ. ಹಾಗಾಗಿ ಶನಿವಾರದ ಹೊತ್ತಿಗೆ ಆ ಪ್ಯಾಡಿನ ಒಂದು ಮೂಲೆ ತುಂಬ ಶ್ರೀಗಳಿರುತ್ತಿದ್ದವು.

ಅಕ್ಕನ ಮನೆ ಬನಶಂಕರಿ ಎರಡನೇ ಹಂತದಲ್ಲಿ, ನನ್ನದು ಜೆ.ಪಿ. ನಗರದಲ್ಲಿ. ಅವಳು ಪ್ರೌಢಶಾಲೆಯಲ್ಲಿ ಗಣಿತ ಹೇಳಿ ನಿವೃತ್ತಳಾಗಿದ್ದಳು. ನಾನು ಮನೆಯಲ್ಲೇ ಕೂತು ಪಠ್ಯಪುಸ್ತಕಗಳ ಕರಡು ತಿದ್ದುತ್ತೇನೆ. ಪೆನ್ನು, ಪುಸ್ತಕ, ಶಾಯಿ ನಮ್ಮಿಬ್ಬರಿಗೂ ಬೇಕಾದ ವಸ್ತುಗಳೇನೋ ಹೌದು, ಆದರೆ ನಾವು ಕೊಂಡದ್ದೆಲ್ಲ ಬೇಕಾಗಿ ಕೊಂಡದ್ದಲ್ಲ. ಅಕ್ಕ ಗೀಟಿಲ್ಲದ ನೋಟ್‌ಬುಕ್ಕೊಂದನ್ನು ಕೈಗೆತ್ತಿಕೊಂಡರೆ ಮೊದಲು ಹಾಳೆಯನ್ನು ಬೆರಳಿನಿಂದ ಸವರುತ್ತಿದ್ದಳು, ಆಮೇಲೆ ಬೆಳಕಿಗೆ ಹಿಡಿಯುತ್ತಿದ್ದಳು, ಕೊನೆಗೆ ಮುಖದ ಹತ್ತಿರ ತಂದು ಮೂಸುತ್ತಿದ್ದಳು. ಅಂಗಡಿಯವರು ಅರವತ್ತು ದಾಟಿದವರು. ಅವರಿಗೆ ಇದೆಲ್ಲ ಅಭ್ಯಾಸವಾಗಿತ್ತು.

“ಮೇಡಂ, ಅದು ದೋಸೆ ಅಲ್ಲ,” ಎನ್ನುತ್ತಿದ್ದರು.

“ದೋಸೆ ಆಗಿದ್ರೆ ಇಷ್ಟು ಹೊತ್ತು ನೋಡ್ತಿರ್ಲಿಲ್ಲ, ತಿಂದುಬಿಡ್ತಿದ್ದೆ,” ಎನ್ನುತ್ತಿದ್ದಳು ಅಕ್ಕ.

ಭಾವ, ಅಂದರೆ ಅಕ್ಕನ ಗಂಡ, ಅಂಗಡಿಯ ಒಳಗೆ ಬರುತ್ತಿರಲಿಲ್ಲ. ಅವರು ನಿವೃತ್ತ ಸಿವಿಲ್ ಇಂಜಿನಿಯರ್. ರಸ್ತೆಯ ಆಚೆ ಬದಿ ಸ್ಕೂಟರ್ ನಿಲ್ಲಿಸಿಕೊಂಡು, ಪಕ್ಕದ ದರ್ಶಿನಿಯಲ್ಲಿ ಕಾಫಿ ಕುಡಿದು, ಅಲ್ಲೇ ನಿಂತಿರುತ್ತಿದ್ದರು. ನಾವು ಹೊರಗೆ ಬಂದರೆ ಕೈಯಲ್ಲಿದ್ದ ಕವರನ್ನು ನೋಡುತ್ತಿದ್ದರು.

“ಇನ್ನೊಂದು ಪೆನ್ನಾ? ಇರೋದು ಒಂದೇ ಬಲಗೈ ಅಲ್ವೇನೇ?”

“ಇರೋದು ಒಂದೇ ನಲ್ಲಿ, ನಿಮ್ಮ ಹತ್ರ ಎಷ್ಟು ಸ್ಪ್ಯಾನರ್ ಇದೆ? ಹೇಳಲಾ ತಂಗಿ ಮುಂದೆ?”

“ಬೇಡ, ಗಾಡಿ ಹತ್ತು,” ಎಂದು ಅವರು ಸ್ಕೂಟರ್ ಸ್ಟಾರ್ಟ್ ಮಾಡುತ್ತಿದ್ದರು.

ಇವನ್ನೆಲ್ಲ ಬರೆಯುವಾಗ ನನಗೆ ಏನೂ ಅನ್ನಿಸುವುದಿಲ್ಲ. ಇದನ್ನು ಹೇಳಿಬಿಡುವುದು ಒಳ್ಳೆಯದು. ನೆನಪಿನಲ್ಲಿ ಎಲ್ಲವೂ ಇದೆ, ಇದ್ದ ಜಾಗದಲ್ಲೇ ಇದೆ, ಕನ್ನಡಕ ಹಾಕಿಕೊಂಡು ನೋಡಿದ ಹಾಗೆ ಸ್ಪಷ್ಟವಾಗಿದೆ. ಆದರೆ ಬಾಯಿಗೆ ಇಂಜೆಕ್ಷನ್ ಕೊಟ್ಟ ಮೇಲೆ ಹಲ್ಲಿನ ವೈದ್ಯರು ಕೆಲಸ ಮಾಡುವಾಗ ಹೇಗೆ ಶಬ್ದವಷ್ಟೇ ಕೇಳುತ್ತದೆಯೋ ಹಾಗೆ.

ನಮ್ಮ ಮನೆಗಳಲ್ಲಿ ನವರಾತ್ರಿಯ ಸರಸ್ವತಿ ಪೂಜೆಯ ದಿನ ಪುಸ್ತಕ ಪೆನ್ನುಗಳನ್ನು ದೇವರ ಮುಂದೆ ಇಡುತ್ತಾರೆ. ವಿಜಯದಶಮಿಯವರೆಗೆ ಯಾರೂ ಓದುವಂತಿಲ್ಲ, ಬರೆಯುವಂತಿಲ್ಲ. ದಶಮಿಯ ದಿನ ಬೆಳಿಗ್ಗೆ ಪೂಜೆ ಮಾಡಿದವರು ಹೂವು ಅಕ್ಷತೆ ಹಾಕಿ, ಇಟ್ಟದ್ದನ್ನು ಕೈಯಿಂದ ಒಂದಿಷ್ಟು ಸರಿಸುತ್ತಾರೆ. ಇದಕ್ಕೆ ಕದಲಿಸುವುದು ಎನ್ನುತ್ತೇವೆ. ಕದಲಿಸಿದ ಮೇಲೆ ಅವು ಮತ್ತೆ ನಮ್ಮವಾಗುತ್ತವೆ. ಎಲ್ಲರೂ ತಮ್ಮ ಪೆನ್ನು ತೆಗೆದುಕೊಂಡು ಹೊಸ ಪುಸ್ತಕದಲ್ಲಿ ಶ್ರೀ ಬರೆಯುತ್ತಾರೆ. ಕದಲಿಸುವ ಮೊದಲು ಮುಟ್ಟುವಂತಿಲ್ಲ.

ಇದಕ್ಕೆ ಅಕ್ಕ ತನ್ನದೊಂದು ಪದ್ಧತಿ ಸೇರಿಸಿದ್ದಳು. ಪ್ರತಿ ವರ್ಷ ಪೂಜೆಯ ಹಿಂದಿನ ದಿನ ಅವಳು ಹೊಸದೊಂದು ಶಾಯಿ ಬೆರೆಸುತ್ತಿದ್ದಳು. ಅಂಗಡಿಯಲ್ಲಿ ಕೊಂಡ ಬಾಟಲಿಗಳಿಂದ ಇದರಲ್ಲಿ ಒಂದಿಷ್ಟು, ಅದರಲ್ಲಿ ಒಂದಿಷ್ಟು. ತನ್ನ ಮಗ ಕೂಸಾಗಿದ್ದಾಗ ಹಾಲು ಕುಡಿಸುತ್ತಿದ್ದ ಸ್ಟೀಲಿನ ಒಳಲೆ ಅವಳ ಪಾತ್ರೆ. ಜೀವನವೆಲ್ಲ ಗಣಿತ ಹೇಳಿಕೊಟ್ಟವಳು ಶಾಯಿಗೆ ಮಾತ್ರ ಅಳತೆ ಇಡುತ್ತಿರಲಿಲ್ಲ, ಎಲ್ಲೂ ಗುರುತು ಹಾಕಿಕೊಳ್ಳುತ್ತಿರಲಿಲ್ಲ. ಬೆರೆಸಿದ್ದನ್ನು ಡ್ರಾಪರ್‌ನಲ್ಲಿ ನಮ್ಮಿಬ್ಬರ ಪೆನ್ನುಗಳಿಗೂ ತುಂಬಿ, ಒಳಲೆಯನ್ನು ತಕ್ಷಣ ತೊಳೆದಿಡುತ್ತಿದ್ದಳು. ಹಾಳೆಯ ಮೇಲೆ ಒಂದು ಚುಕ್ಕಿಯನ್ನೂ ಇಟ್ಟು ನೋಡುತ್ತಿರಲಿಲ್ಲ. ಬಾಟಲಿಯಲ್ಲಿ ಯಾವ ಶಾಯಿಯಾದರೂ ಕಪ್ಪಗೇ ಕಾಣುತ್ತದೆ, ಬರೆದಾಗಲೇ ಅದರ ಬಣ್ಣ ಗೊತ್ತಾಗುವುದು. ಆ ವರ್ಷದ ಬಣ್ಣವನ್ನು ನಾವು ಮೊದಲು ನೋಡುತ್ತಿದ್ದದ್ದು ದಶಮಿಯ ದಿನ, ಶ್ರೀ ಬರೆದಾಗ. ಒಂದು ವರ್ಷ ಹುಣಸೆ ಹಣ್ಣು ಕಿವುಚಿದ ನೀರಿನ ಕಂದು. ಒಂದು ವರ್ಷ ಬಲಿತ ಕರಿಬೇವಿನ ಹಸಿರು. ಒಂದು ವರ್ಷ ಏನೂ ಸರಿಯಾಗದೆ ಸ್ಲೇಟು ಒರೆಸಿದ ನೀರಿನಂತೆ ಬಂದಿತ್ತು. ಅದನ್ನೂ ನಾವು ಮುಗಿಯುವವರೆಗೆ ಬರೆದೆವು.

ಕೊನೆಯ ಸಲ ಅವಳು ಬೆರೆಸುವಾಗ ನಾನು ಪಕ್ಕದ ಕೋಣೆಯಲ್ಲಿ ಹೂಬತ್ತಿ ಮಾಡುತ್ತಿದ್ದೆ. ಬಾಗಿಲು ಅರ್ಧ ಹಾಕಿಕೊಂಡಿದ್ದಳು.

“ಈ ಸಲ ಏನೇ?” ಎಂದೆ.

“ಈ ಸಲ ಸಖತ್ತಾಗಿದೆ. ದಶಮಿಗೆ ಬಾ, ನೋಡುವಿಯಂತೆ.”

“ಯಾವುದ್ಯಾವುದು ಹಾಕ್ದೆ, ಅಷ್ಟಾದ್ರೂ ಹೇಳು.”

“ಬತ್ತಿ ಮಾಡಮ್ಮ ತೆಪ್ಪಗೆ.”

ಪೂಜೆ ಆಯಿತು. ಪೆನ್ನುಗಳು ಸರಸ್ವತಿಯ ಪಟದ ಮುಂದೆ, ಪುಸ್ತಕಗಳ ಮೇಲೆ ಸಾಲಾಗಿ ಮಲಗಿದವು.

ಮುಂದಿನದನ್ನು ಸರಿಯಾಗಿ ಹೇಳಬೇಕು. ಆಯುಧ ಪೂಜೆಯ ಬೆಳಿಗ್ಗೆ, ಅಂದರೆ ದಶಮಿಯ ಹಿಂದಿನ ದಿನ, ನಾನು ಅಕ್ಕನ ಅಡುಗೆಮನೆಯಲ್ಲಿದ್ದೆ. ಭಾವ ಕೆಳಗೆ ಸ್ಕೂಟರ್ ತೊಳೆಯುತ್ತಿದ್ದರು, ಪೈಪಿನ ನೀರಿನ ಸದ್ದು ಕೇಳಿಸುತ್ತಿತ್ತು. ಅಕ್ಕ ಕೋಸಂಬರಿಗೆ ಸೌತೆಕಾಯಿ ಹೆಚ್ಚುತ್ತಿದ್ದಳು. ಹೆಚ್ಚುವುದನ್ನು ನಿಲ್ಲಿಸಿ, ಚಾಕುವನ್ನು ಮಣೆಯ ಮೇಲೆ ನೇರವಾಗಿಟ್ಟಳು. ಸ್ಟೂಲಿನ ಮೇಲೆ ಕೂತಳು. “ಒಂದು ಲೋಟ ನೀರು ಕೊಡೇ,” ಎಂದಳು. ನಾನು ಫಿಲ್ಟರ್ ಕಡೆ ತಿರುಗಿದೆ. ಲೋಟ ತುಂಬಲು ಎಷ್ಟು ಹೊತ್ತು ಬೇಕೋ ಅಷ್ಟೇ ಹೊತ್ತು. ತಿರುಗಿ ನೋಡಿದಾಗ ಅವಳು ಗೋಡೆಗೆ ಒರಗಿದ್ದಳು, ಕಣ್ಣು ತೆರೆದಿತ್ತು, ನನ್ನನ್ನು ನೋಡುತ್ತಿರಲಿಲ್ಲ. ನಾನು ಕೂಗಿದೆನೋ ಇಲ್ಲವೋ ಗೊತ್ತಿಲ್ಲ. ಪೈಪಿನ ಸದ್ದು ನಿಂತಿತು, ಆದ್ದರಿಂದ ಕೂಗಿರಬೇಕು.

ಬಂದ ಆಂಬುಲೆನ್ಸಿನ ಮುಂಭಾಗಕ್ಕೆ ಎರಡೂ ಕಡೆ ಬಾಳೆಕಂದು ಕಟ್ಟಿದ್ದರು. ಗಾಜಿನ ಮೇಲೆ ಚೆಂಡುಹೂವಿನ ಹಾರ, ಬಾಗಿಲಿಗೆ ವಿಭೂತಿ ಪಟ್ಟೆ. ಅವರದೂ ಆಯುಧ ಪೂಜೆ ಆಗಿತ್ತು. ರಸ್ತೆಯ ತುಂಬ ಒಡೆದ ಬೂದುಗುಂಬಳಕಾಯಿ ಬಿದ್ದಿತ್ತು, ಡ್ರೈವರ್ ಚಕ್ರ ಜಾರದಂತೆ ನೋಡಿಕೊಂಡು ಓಡಿಸುತ್ತಿದ್ದ. ನಾನು ಹಿಂದೆ ಕೂತಿದ್ದೆ. ತಿರುವಿನಲ್ಲಿ ಬಾಳೆ ಎಲೆ ಗಾಜಿಗೆ ಬಡಿಯುತ್ತಿದ್ದದ್ದು ನೆನಪಿದೆ. ಆಸ್ಪತ್ರೆಯಲ್ಲಿ ಅವರು ಮಾಡುವುದನ್ನೆಲ್ಲ ಮಾಡಿದರು. ಮನೆಯಲ್ಲೇ ಹೋಗಿಬಿಟ್ಟಿದ್ದಾರೆ ಎಂದರು. ಹೃದಯ ಎಂದರು.

ಮನೆಗೆ ಸೂತಕ ಬಂತು. ದೇವರ ಕೋಣೆಯ ಬಾಗಿಲು ಹಾಕಿದರು. ಮರುದಿನ ದಶಮಿ, ಆದರೆ ಕದಲಿಸುವವರಿರಲಿಲ್ಲ.

ಹದಿಮೂರನೆಯ ದಿನದ ಊಟ ಮುಗಿದು ಬಂದವರೆಲ್ಲ ಹೊರಟ ಮೇಲೆ ನಾನು ದೇವರ ಕೋಣೆಯ ಬಾಗಿಲಲ್ಲಿ ನಿಂತೆ. ಬಾಗಿಲು ತೆರೆದಿತ್ತು. ಪೆನ್ನುಗಳು ಇಟ್ಟಲ್ಲೇ ಇದ್ದವು. ಮೇಲಿನ ಸೇವಂತಿಗೆ ಒಣಗಿ ಕಂದಾಗಿತ್ತು. ಭಾವನ ಅಕ್ಕ, ಹಿರಿಯರು, ನನ್ನ ಹಿಂದೆ ಬಂದು ನಿಂತರು.

“ಮುಟ್ಬೇಡಮ್ಮ. ಇನ್ನೂ ಕದಲಿಸಿಲ್ಲ.”

“ಯಾರಾದ್ರೂ ಕದಲಿಸಬಹುದಲ್ವಾ?”

“ಪೂಜೆ ಮಾಡಿದೋಳೇ ಹೋದ್ಳು. ಈ ವರ್ಷ ಈ ಮನೇಲಿ ಹಬ್ಬ ಇಲ್ಲ, ಹುಣ್ಣಿಮೆ ಇಲ್ಲ. ವರ್ಷ ಕಳೀಲಿ, ಪುರೋಹಿತರನ್ನ ಕೇಳಿ ಏನ್ಮಾಡ್ಬೇಕೋ ಮಾಡಿದ್ರಾಯ್ತು.”

ಅವರೇ ಒಂದು ಕೆಂಪು ವಸ್ತ್ರ ತಂದು, ಏನನ್ನೂ ಸರಿಸದೆ, ಎಲ್ಲದರ ಮೇಲೆ ಹೊದಿಸಿದರು. ನನ್ನ ಪೆನ್ನುಗಳೂ ಅದರ ಅಡಿಯಲ್ಲಿದ್ದವು. ನಾನು ವಾದ ಮಾಡಲಿಲ್ಲ. ಮಾಡುವ ಶಕ್ತಿ ಇರಲಿಲ್ಲ ಎನ್ನುವುದು ಒಂದು ಕಾರಣ. ಇನ್ನೊಂದು ಕಾರಣವೂ ಇತ್ತು. ಶಾಯಿ ಒಣಗಿದರೆ ಹೋಗುವುದು ಅದರಲ್ಲಿನ ನೀರು ಮಾತ್ರ, ಬಣ್ಣ ಒಳಗೇ ಹೆಪ್ಪುಗಟ್ಟಿ ಉಳಿಯುತ್ತದೆ. ವರ್ಷ ಬಿಟ್ಟು ಪೆನ್ನು ಬಿಚ್ಚಿ ಒಂದೆರಡು ಹನಿ ನೀರು ಬಿಟ್ಟರೆ ಅದು ಮತ್ತೆ ಬರೆಯುತ್ತದೆ. ಇದು ನನಗೆ ಗೊತ್ತಿತ್ತು. ಅಕ್ಕನೇ ಹಾಗೆ ಎಷ್ಟೋ ಹಳೆಯ ಪೆನ್ನುಗಳನ್ನು ಬರೆಸಿದ್ದಳು. ಅವಳು ಸಖತ್ತಾಗಿದೆ ಎಂದ ಬಣ್ಣ ಅಲ್ಲಿದೆ, ಎಲ್ಲೂ ಹೋಗುವುದಿಲ್ಲ, ನಾನು ನೋಡುತ್ತೇನೆ ಎಂದುಕೊಂಡೆ. ಆ ವರ್ಷ ನನಗೆ ಮುಂದೆ ನೋಡುವಂಥದ್ದು ಎಂದು ಇದ್ದದ್ದು ಅದೊಂದೇ.

ಅವಳ ಬಾಟಲಿಗಳಿದ್ದವು, ನಿಜ. ಮೇಜಿನ ಎರಡು ಖಾನೆ ತುಂಬ ಇದ್ದವು. ಆದರೆ ಎಲ್ಲವೂ ತೆರೆದದ್ದು, ಎಲ್ಲದರಲ್ಲೂ ಒಂದಿಷ್ಟು ಬಳಸಿದ್ದಳು. ಯಾವುದರಿಂದ ಎಷ್ಟು ಎಂದು ಬಾಟಲಿ ಹೇಳುವುದಿಲ್ಲ.

ಶನಿವಾರಗಳಂದು ನಾನು ಅಂಗಡಿಗೆ ಹೋಗುವುದನ್ನು ಬಿಡಲಿಲ್ಲ. ಮೆಟ್ರೋ ಇಳಿದು ನಡೆದುಕೊಂಡು ಹೋಗಿ, ಹಾಳೆಗಳನ್ನು ಸವರಿ, ನಿಬ್ಬುಗಳನ್ನು ನೋಡಿ, ಏನೂ ಕೊಳ್ಳದೆ ಬರುತ್ತಿದ್ದೆ. ಮೊದಲ ಸಲ ಅಂಗಡಿಯವರು, “ಎಲ್ಲಿ, ದೊಡ್ಡ ಮೇಡಂ ಬರ್ಲಿಲ್ಲ?” ಎಂದರು. ನಾನು “ಇಲ್ಲ” ಎಂದೆ. ಅದು ಸುಳ್ಳಲ್ಲ. ಎರಡು ವಾರದ ಮೇಲೆ ಮತ್ತೆ ಕೇಳಿದಾಗ ಹೇಳಿದೆ. ಅವರು ಕೈಯಲ್ಲಿದ್ದ ಪೆನ್ನಿಗೆ ಮುಚ್ಚಳ ಹಾಕಿ, ಪ್ಯಾಡನ್ನು ನನ್ನ ಕಡೆ ತಿರುಗಿಸಿದರು. “ಬರೀರಿ ಮೇಡಂ,” ಎಂದರು. ಶ್ರೀ ಬರೆದೆ. ಮಾಮೂಲು ನೀಲಿ.

ಮುಂದಿನ ವರ್ಷ ಅದೇ ತಿಥಿಗೆ ಅಕ್ಕನ ವರ್ಷದ ಕಾರ್ಯವಾಯಿತು. ಊರೆಲ್ಲ ವಾಹನಗಳಿಗೆ ಹೂವು ಮುಡಿಸಿತ್ತು. ಒಂದು ವಾರ ಕಳೆದು ಭಾವ ಫೋನ್ ಮಾಡಿದರು.

“ಬಾಮ್ಮ, ನಿನ್ನ ಪೆನ್ನುಗಳನ್ನ ತಗೊಂಡು ಹೋಗು. ಪುರೋಹಿತರನ್ನ ಕೇಳ್ದೆ. ಒಂದು ಹೂವು ಹಾಕಿ ನೀವೇ ಕದಲಿಸಿಬಿಡಿ ಅಂದ್ರು. ಇವತ್ತು ಬೆಳಿಗ್ಗೆ ಮಾಡ್ದೆ.”

ನಾನು ಒಂದು ಸಣ್ಣ ಬಾಟಲಿಯಲ್ಲಿ ಕುದಿಸಿ ಆರಿಸಿದ ನೀರು, ಡ್ರಾಪರ್, ಒಂದು ಹೊಸ ಪುಸ್ತಕ ತೆಗೆದುಕೊಂಡು ಹೋದೆ. ಪುಸ್ತಕದ ಮೂಲೆಗಳಿಗೆ ಅರಿಶಿನ ಹಚ್ಚಿದ್ದೆ. ಆಟೋದಲ್ಲಿ ಅದು ಸೀರೆಗೆಲ್ಲ ತಗಲೀತು ಎಂದು ಹಿಡಿದುಕೊಂಡೇ ಕೂತಿದ್ದೆ.

ಭಾವ ಬಾಗಿಲು ತೆರೆದರು. ಊಟದ ಮೇಜಿನ ಮೇಲೆ ಹಳೆಯ ಬಿಳಿ ಪಂಚೆಯ ತುಂಡು ಹಾಸಿದ್ದರು. ಅದರ ಮೇಲೆ ಪೆನ್ನುಗಳು ಬಿಡಿಬಿಡಿಯಾಗಿದ್ದವು. ಮುಚ್ಚಳ ಒಂದು ಕಡೆ, ನಿಬ್ಬು ಒಂದು ಕಡೆ, ಕೊಳವೆ ಒಂದು ಕಡೆ, ಪ್ರತಿ ಪೆನ್ನಿನ ಭಾಗಗಳು ಬೆರೆಯದಂತೆ ನಡುವೆ ಜಾಗ ಬಿಟ್ಟು. ಕಿಟಕಿಯ ಬಿಸಿಲು ಅವುಗಳ ಮೇಲೆ ಬಿದ್ದಿತ್ತು. ಎಲ್ಲವೂ ಹೊಳೆಯುತ್ತಿದ್ದವು.

“ನೋಡು, ಎಲ್ಲ ತೊಳೆದಿಟ್ಟಿದ್ದೀನಿ,” ಎಂದರು. “ಒಳಗೆಲ್ಲ ಗಟ್ಟಿ ಕಟ್ಕೊಂಡಿತ್ತು. ನಿಮ್ಮಕ್ಕ ಹೇಳ್ತಿದ್ಳಲ್ಲ, ಪೆನ್ನಲ್ಲಿ ಶಾಯಿ ಒಣಗೋಕೆ ಬಿಡಬಾರ್ದು, ಪೆನ್ನು ಸಾಯುತ್ತೆ ಅಂತ. ಬೆಳಿಗ್ಗೆಯಿಂದ ಅದೇ ಕೆಲ್ಸ. ಬಿಸಿ ನೀರು ಬಳಸ್ಲಿಲ್ಲ, ತಣ್ಣೀರೇ. ನಿಬ್ಬಿನ ಸೀಳಲ್ಲಿ ಕೂಡ ಏನೂ ಬಿಟ್ಟಿಲ್ಲ.”

ನಾನು ಒಂದು ಕೊಳವೆ ತೆಗೆದು ಬೆಳಕಿಗೆ ಹಿಡಿದೆ. ಇನ್ನೊಂದನ್ನು ಹಿಡಿದೆ. ಅಕ್ಕನ ಕಪ್ಪು ಪೆನ್ನಿನ ನಿಬ್ಬನ್ನು ಪಂಚೆಯ ತುಂಡಿಗೆ ಒತ್ತಿ ನೋಡಿದೆ. ಒದ್ದೆ ಗುರುತು ಬಿತ್ತು. ಅದರಲ್ಲಿ ಬಣ್ಣವಿರಲಿಲ್ಲ. ಅಷ್ಟು ಚೆನ್ನಾಗಿ ತೊಳೆದಿದ್ದರು.

“ಚೆನ್ನಾಗಿದೆ ಭಾವ,” ಎಂದೆ.

“ಸರಿಯಾಗಿದೆ ತಾನೆ?”

“ಸರಿಯಾಗಿದೆ.”

ಅವರು ಕಾಫಿ ಮಾಡಿದರು. ಇಬ್ಬರೂ ಕುಡಿದೆವು. ಚೀಲದಿಂದ ನೀರಿನ ಬಾಟಲಿಯನ್ನು ನಾನು ಹೊರಗೆ ತೆಗೆಯಲಿಲ್ಲ. ಲೋಟ ತೊಳೆದಿಡುವಾಗ ಸಿಂಕನ್ನು ನೋಡಿದೆ. ಅದನ್ನೂ ಉಜ್ಜಿದ್ದರು. ಹೊರಡುವಾಗ ಚಪ್ಪಲಿ ಹಾಕಿಕೊಳ್ಳುತ್ತ ಕೇಳಿದೆ.

“ತೊಳೆಯುವಾಗ ನೀರು ಯಾವ ಬಣ್ಣ ಇತ್ತು ಭಾವ?”

“ನೀರಾ?” ಅವರು ಯೋಚಿಸಿದರು. “ಮೊದ್ಲು ಕಪ್ಪಗೆ ಬಂತು. ಆಮೇಲೆ ನೇರಳೆ ಥರ. ಅದರಲ್ಲಿ ಹಸಿರೂ ಇತ್ತು. ಯಾಕಮ್ಮ?”

“ಸುಮ್ಮನೆ ಕೇಳ್ದೆ.”

ಅಂದು ಸಂಜೆಯೇ ಫೋನ್ ಬಂತು. ಭಾವ ಹಲೋ ಎನ್ನಲಿಲ್ಲ.

“ನೀನು ಅದನ್ನ ನೋಡೇ ಇರ್ಲಿಲ್ಲ, ಅಲ್ವಾ?”

“ಇಲ್ಲ ಭಾವ.”

“ಯಾರೂ ನೋಡಿರ್ಲಿಲ್ಲ.”

“ಹೂಂ.”

ಅವರ ಕಡೆಯಿಂದ ಕುಕ್ಕರ್ ಕೂಗಿದ್ದು ಕೇಳಿಸಿತು. ಅವರು ಅದನ್ನು ಆರಿಸಲು ಹೋಗಲಿಲ್ಲ. ನನಗೆ ಸಿಟ್ಟು ಬರಬೇಕಿತ್ತು ಅಥವಾ ಅಳು ಬರಬೇಕಿತ್ತು. ನಾನು ಕಾದೆ. ಬರಲಿಲ್ಲ.

ಆಮೇಲೆ ಆಗಾಗ ಫೋನ್ ಬರತೊಡಗಿತು. ಅವರು ಮಾತಾಡುತ್ತಿದ್ದದ್ದು ಒಂದೇ ವಿಷಯ.

“ಸಾರಕ್ಕಿ ಸಿಗ್ನಲ್‌ನಲ್ಲಿ ನಿಂತಿದ್ನಮ್ಮ. ಮುಂದೆ ಸ್ಕೂಟರ್‌ನಲ್ಲಿ ಒಬ್ರು ಆಂಟಿ, ರೇಷ್ಮೆ ಸೀರೆ. ಸೆರಗಿನ ಅಂಚು ಹೆಚ್ಚುಕಮ್ಮಿ ಅದೇ. ಹಸಿರು ದೀಪ ಬಂದ್ಬಿಡ್ತು, ಹೊರಟುಹೋದ್ರು.”

“ನಮ್ಮ ಬಾಲ್ಕನಿಗೆ ಪಾರಿವಾಳ ಬರುತ್ತಲ್ಲ, ಅದರ ಕತ್ತು ನೋಡಿದೀಯಾ? ಅದರಲ್ಲಿ ಇದೆ ಕಣಮ್ಮ ಆ ಬಣ್ಣ. ಆದ್ರೆ ನಿಲ್ಲಲ್ಲ, ಕತ್ತು ತಿರುಗಿಸಿದ್ರೆ ಹೋಯ್ತು.”

ನಾನು ಹೂಂ ಎನ್ನುತ್ತಿದ್ದೆ. ಅವರು ಎಂದೂ ಬಣ್ಣಗಳನ್ನು ಗಮನಿಸಿದವರಲ್ಲ. ಅಕ್ಕ ಹೊಸ ಸೀರೆ ಉಟ್ಟು ನಿಂತರೆ, “ಚೆನ್ನಾಗಿದೆ, ಹಳೇದಾ?” ಎನ್ನುತ್ತಿದ್ದವರು. ಈಗ ಆ ಬಣ್ಣ ನೀರಾಗಿ ಹರಿದುಹೋದದ್ದನ್ನು ನೋಡಿದವರು ಭೂಮಿಯ ಮೇಲೆ ಅವರೊಬ್ಬರೇ. ಅದು ಅವರಿಗೂ ಗೊತ್ತಿತ್ತು. ಮರೆಯುವ ಮೊದಲು ಹುಡುಕಬೇಕು ಎಂಬ ಅವಸರ ಅವರ ದನಿಯಲ್ಲಿರುತ್ತಿತ್ತು.

ಕಳೆದ ಶನಿವಾರ ನಾನು ಅಂಗಡಿಯಲ್ಲಿದ್ದೆ. ರಸ್ತೆಯ ಆಚೆ ಸ್ಕೂಟರ್ ನಿಂತಿತು. ಭಾವ ಇಳಿದರು. ದರ್ಶಿನಿಯ ಕಡೆ ಹೋಗಲಿಲ್ಲ. ಎರಡೂ ಕಡೆ ನೋಡಿ ರಸ್ತೆ ದಾಟಿ, ಮೆಟ್ಟಿಲು ಹತ್ತಿ ಒಳಗೆ ಬಂದರು. ಇಷ್ಟು ವರ್ಷಗಳಲ್ಲಿ ಅದೇ ಮೊದಲು. ಒಳಗೆ ಬಂದವರಿಗೆ ಎಲ್ಲಿ ನಿಲ್ಲಬೇಕೆಂದು ತಿಳಿಯಲಿಲ್ಲ. ನನ್ನನ್ನು ಕಂಡು, ಕೌಂಟರಿನ ಹತ್ತಿರ ಬಂದು, ಬಟ್ಟೆಯ ಚೀಲದಿಂದ ಒಂದು ಬದನೆಕಾಯಿ ತೆಗೆದು ಗಾಜಿನ ಮೇಲಿಟ್ಟರು.

ಅಂಗಡಿಯವರು ಕನ್ನಡಕದ ಮೇಲಿಂದ ನೋಡಿದರು.

“ಸಾರ್, ತರಕಾರಿ ಅಂಗಡಿ ಆ ಕಡೆ.”

“ಗೊತ್ತು, ಸಾರಕ್ಕಿ ಮಾರ್ಕೆಟ್‌ನಿಂದಾನೇ ತಂದಿದ್ದು,” ಎಂದರು ಭಾವ. ಆಮೇಲೆ ನನಗೆ, “ಕಾಯಲ್ಲಮ್ಮ. ಇಲ್ಲಿ ನೋಡು, ತೊಟ್ಟು. ಹಸಿರಿನ ಮೇಲೆ ನೇರಳೆ ಹರಡಿದೆಯಲ್ಲ, ಈ ಜಾಗ. ನೀರು ಹೀಗಿತ್ತು. ಇನ್ನೂ ಸ್ವಲ್ಪ ಕಪ್ಪು ಅಂತ ಇಟ್ಕೋ.” ಬೆರಳಿನಿಂದ ತೋರಿಸಿದರು. ಉಗುರು ಅಳತೆಯ ಜಾಗ. “ಬೇಗ ನೋಡು, ಸಾಯಂಕಾಲದ ಹೊತ್ತಿಗೆ ಬಾಡುತ್ತೆ.”

“ಶಾಯಿ ಬೇಕಾ ಸಾರ್, ಈ ಬಣ್ಣದ್ದು?”

“ಹೂಂ. ಇವಳ ಅಕ್ಕ ಮಾಡಿದ್ದು.”

ಅಂಗಡಿಯವರು ನನ್ನನ್ನು ನೋಡಿದರು. ಹಿಂದಿನ ಕಪಾಟಿಗೆ ತಿರುಗಿ, ನೇರಳೆಯ ಮೂರು ಬಾಟಲಿ, ಹಸಿರಿನ ಎರಡು, ಕಪ್ಪಿನ ಒಂದು ತಂದು ಸಾಲಾಗಿ ಇಟ್ಟರು. ಅದ್ದಿ ಬರೆಯುವ ಪೆನ್ನೊಂದನ್ನೂ, ಸ್ಟೀಲಿನ ಚಹಾ ಲೋಟವೊಂದನ್ನೂ ಕೊಟ್ಟರು. ನಾನು ನೇರಳೆಗೆ ಒಂದಿಷ್ಟು ಹಸಿರು ಬೆರೆಸಿದೆ. ಅಳತೆ ಇಡಲಿಲ್ಲ. ಹೇಗೆ ಇಡಬೇಕೆಂದು ಗೊತ್ತಿರಲಿಲ್ಲ. ಪ್ಯಾಡಿನ ಮೂಲೆಯಲ್ಲಿ ಶ್ರೀ ಬರೆದು ಭಾವನ ಕಡೆ ತಿರುಗಿಸಿದೆ.

ಅವರು ಬಗ್ಗಿ ನೋಡಿದರು. ಬದನೆಕಾಯಿಯನ್ನು ಪಕ್ಕದಲ್ಲಿಟ್ಟು ನೋಡಿದರು. ಒಮ್ಮೆ ಕಣ್ಣು ಮುಚ್ಚಿ, ತೆರೆದು, ಮತ್ತೆ ನೋಡಿದರು.

“ಅಲ್ಲ,” ಎಂದರು.

ಅಂಗಡಿಯವರು ಪ್ಯಾಡಿನ ಆ ಹಾಳೆಯನ್ನು ಹರಿದು ಪಕ್ಕಕ್ಕಿಟ್ಟು, ಹೊಸ ಹಾಳೆ ನನ್ನ ಮುಂದೆ ಸರಿಸಿದರು. ಭಾವ ಮೂಲೆಯಲ್ಲಿದ್ದ ಸ್ಟೂಲನ್ನು ಎಳೆದುಕೊಂಡು ಕೂತರು.

“ಇನ್ನೊಂಚೂರು ಹಸಿರು ಹಾಕು,” ಎಂದರು.